ಐದನೆಯ ಕ್ಯಾನ್ವಾಸೂ ಬೇಡವಂತೆ

ಐದನೆಯದೂ ಬೇಡವಂತೆ.

ಉಷಾರಾಣಿ ಲ್ಯಾಪ್‌ಟಾಪಿನಿಂದ ಕಣ್ಣೆತ್ತಿದಳು. ಬಿಟ್ಟಂಗಾಲದ ತನ್ನ ಮನೆಯಿಂದ ಅಮ್ಮತ್ತಿಯಲ್ಲಿನ ಅವಳ ಈ ಮಹಡಿ ಕೋಣೆಗೆ ಬೈಕಿನಲ್ಲಿ ಬಂದಿದ್ದ ಪೂವಯ್ಯ, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕುಳಿತಿದ್ದ.

“ಯಾಕೆ ಬೇಡ? ಕಾರಣ ಹೇಳಿ.”

“ಬಣ್ಣ ಸರಿ ಇಲ್ಲ.”

“ಬಣ್ಣ! ನಾವೇನು ಸೀರೆ ತಗೊಳ್ತಿದ್ದೀವೇನ್ರೀ?”

ಅವನು ಹೆಲ್ಮೆಟ್ಟಿನ ಗಾಜನ್ನು ಅಂಗಿಯ ತುದಿಯಿಂದ ಒರೆಸತೊಡಗಿದ.

ಕಾಡಾನೆಗಳು ಯಾವ ತೋಟಕ್ಕೆ ಯಾವ ದಾರಿಯಲ್ಲಿ ಬರುತ್ತವೆ ಎಂದು ಇಬ್ಬರೂ ನಾಲ್ಕು ತಿಂಗಳು ಸುತ್ತಿ ಕೇಳಿ ಬರೆದಿಟ್ಟ ಟಿಪ್ಪಣಿಗಳು ಆರುನೂರು ದಾಟಿದ್ದವು. ಅವನ್ನೆಲ್ಲ ಕ್ಯಾನ್ವಾಸ್ ಸಾಫ್ಟ್‌ವೇರಿನಲ್ಲಿ, ಒಂದೇ ದೊಡ್ಡ ಹಾಳೆಯಂತಹ ಪರದೆಯ ಮೇಲೆ ಚೀಟಿಗಳಾಗಿ ಹರಡಿ, ಗೆರೆ ಎಳೆದು ಜೋಡಿಸಿದರೆ ಆನೆಯ ದಾರಿ ಕಣ್ಣಿಗೆ ಕಾಣುತ್ತಿತ್ತು. ಸೋಮವಾರ ತೋಟಗಳಲ್ಲಿ ಕಾಫಿ ಪಿಕಿಂಗ್ ಶುರು. ಅಷ್ಟರೊಳಗೆ ನಕ್ಷೆ ಕೆಲಸಗಾರರ ಲೈನುಮನೆಗಳ ಗೋಡೆಯ ಮೇಲಿರಬೇಕು. ಆದರೆ ಎರಡು ವಾರದಿಂದ ಯಾವ ಸಾಫ್ಟ್‌ವೇರ್ ಎಂಬುದೇ ತೀರ್ಮಾನವಾಗಿರಲಿಲ್ಲ.

ಮೊದಲನೆಯದರಲ್ಲಿ ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿಯಾದವು. ಎರಡನೆಯದು ಇನ್ನೂರು ಚೀಟಿಗೇ ಏದುಸಿರು ಬಿಟ್ಟಿತು. ಮೂರನೆಯದು ನೆಟ್‌ವರ್ಕ್ ಇದ್ದರೆ ಮಾತ್ರ ನಡೆಯುತ್ತಿತ್ತು. ಕಳೆದ ಶುಕ್ರವಾರ ಸಿಗ್ನಲ್ ಹೋಗಿ ನಲವತ್ತು ಚೀಟಿ ಮಾಯವಾಗಿದ್ದವು. ಆದರೂ ಪೂವಯ್ಯನಿಗೆ ಆ ಮೂರನೆಯದೇ ಬೇಕು. ನೆಟ್‌ವರ್ಕೇ ಬೇಡದ ನಾಲ್ಕನೆಯದು, ಐದನೆಯದು ಎರಡನ್ನೂ ಅವನು ತಳ್ಳಿಹಾಕಿದ್ದ.

“ನಿಮ್ಮ ಮನೇಲಿ ಸಿಗ್ನಲ್ ಎಲ್ಲಿ ಸಿಗುತ್ತೆ?”

“ಕಾಫಿ ಕಣದ ಮೂಲೆಲಿ.”

“ಲ್ಯಾಪ್‌ಟಾಪು?”

“ಡ್ರಮ್ಮಿನ ಮೇಲೆ ಇಡ್ತೇನೆ.”

“ನಿಂತ್ಕೊಂಡು?”

“ನಿಂತ್ಕೊಂಡು.”

“ನಿಮಗೇನು ಹುಚ್ಚಾ?”

ಫೋನ್ ಸದ್ದು ಮಾಡಿತು. ಪಕ್ಕದ ತೋಟದ ಲೈನಿನ ಲಿಂಗಿಯ ವಾಯ್ಸ್ ಮೆಸೇಜು. “ಉಷಕ್ಕಾ, ನಕ್ಷೆ ಯಾವಾಗ ಕೊಡ್ತೀರಾ? ನಿನ್ನೆ ನಮ್ಮ ನೀರಿನ ಟ್ಯಾಂಕಿ ಹತ್ರನೇ ನಿಂತಿತ್ತು ಅದು. ಮೇಲಿಂದ ಹೋಗ್ಬೇಕಾ, ಕೆಳಗಿಂದ ಹೋಗ್ಬೇಕಾ, ಅಷ್ಟು ಹೇಳಿದ್ರೆ ಸಾಕು.”

ಉಷಾರಾಣಿ ಫೋನನ್ನು ಮೇಜಿನ ಮೇಲಿಟ್ಟಳು.

“ಐದನೇದೇ ಇರ್ಲಿ,” ಎಂದ ಪೂವಯ್ಯ.

“ಬಣ್ಣ?”

“ಬಣ್ಣ ಚೆನ್ನಾಗೇ ಉಂಟು.”

“ಮತ್ತೆ ಯಾಕ್ರೀ ಎರಡು ವಾರ ನನ್ನ ಪ್ರಾಣ ತಿಂದ್ರಿ?”

ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

“ಮೂರನೇದರಲ್ಲಿ ನನ್ನ ಸ್ಕ್ರೀನಿನಲ್ಲಿ ನಿಮ್ಮ ಕರ್ಸರ್ ಬಾಣ ಕಾಣ್ತದೆ. ಹೆಸರಿನ ಜೊತೆ. ಯಾವ ಚೀಟಿ ಓದ್ತಿದ್ದೀರಿ, ಎಲ್ಲಿ ಸುಮ್ಮನೆ ನಿಂತ್ರಿ, ಎಲ್ಲ ಗೊತ್ತಾಗ್ತದೆ. ಇದ್ರಲ್ಲಿ... ನಾನೊಬ್ಬನೇ ಇರ್ತೇನೆ.”

ಉಷಾರಾಣಿಗೆ ಮೂರನೆಯದರಲ್ಲಿ ಕೆಲಸ ಮಾಡಿದ ಸಂಜೆಗಳು ನೆನಪಾದವು. ಅವನ ಹೆಸರು ಹೊತ್ತ ಹಸಿರು ಬಾಣ ಮೆಲ್ಲನೆ ಸರಿದು ಬಂದು ಅವಳ ಬಾಣದ ಪಕ್ಕ ನಿಲ್ಲುತ್ತಿತ್ತು. ಸಿಗ್ನಲ್ ಹೋಯಿತೆಂದುಕೊಂಡು ಅವಳೂ ಕೈ ಅಲ್ಲಾಡಿಸದೆ ಕೂರುತ್ತಿದ್ದಳು. ಸಿಗ್ನಲ್ ಹೋಗಿದ್ದರೆ ತಾನೇಕೆ ಕದಲದೆ ಕೂರಬೇಕು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

“ಇಷ್ಟು ಹೇಳೋಕೆ ಎರಡೆರಡು ಸಾಫ್ಟ್‌ವೇರ್‌ಗೆ ಹೆಸರಿಡಬೇಕಿತ್ತಾ?”

“ಹೇಳಿದ್ರೆ ನೀವು ಏನಂತೀರೋ ಅಂತ.”

“ಏನಂತೀನಿ? ಬಾಯಿಗೆ ಬಂದ ಹಾಗೆ ಬೈತೀನಿ.”

“ಬೈಯಿರಿ.”

ಬಯ್ಯಲು ಬಾಯಿ ತೆರೆದಳು. ಮುಖ ಬಿಸಿಯಾಯಿತು. ಪರದೆಯತ್ತ ತಿರುಗಿ ಐದನೆಯದನ್ನು ತೆರೆದು, ಬೇಡದಿದ್ದರೂ ಒಂದು ಚೀಟಿಯನ್ನು ಅತ್ತಿಂದಿತ್ತ ಎಳೆದಳು.

“ಫೈಲು ಈ ಲ್ಯಾಪ್‌ಟಾಪಲ್ಲೇ ಇರುತ್ತೆ. ಕೆಲಸ ಮಾಡೋಕೆ ದಿನಾ ಇಲ್ಲಿಗೇ ಬರ್ಬೇಕು ನೀವು.”

“ಸೋಮವಾರದವರೆಗಾ?”

“ಸೋಮವಾರ ಆನೆಗಳು ರಿಟೈರ್ ಆಗ್ತಾವೇನ್ರೀ?”

ಅವನು ನಕ್ಕ. ಕುರ್ಚಿ ಎತ್ತಿಕೊಂಡು ಬಂದು ಅವಳ ಬದಿಯಲ್ಲಿ, ಮರ್ಯಾದೆಯ ಒಂದು ಮಾರು ದೂರದಲ್ಲಿ ಇಟ್ಟು ಕುಳಿತ.

“ಅಷ್ಟು ದೂರದಿಂದ ಕಾಣುತ್ತಾ?”

“ಸ್ಕ್ರೀನು ಕಾಣ್ತದೆ.”

“ನನಗೆ ನೀವು ಕಾಣಲ್ಲ,” ಎಂದಳು ಉಷಾರಾಣಿ, ಸಿಡುಕಿನ ದನಿಯಲ್ಲೇ. “ಹತ್ತಿರ ಎಳ್ಕೊಳ್ಳಿ ಕುರ್ಚಿ.”