ಹಿಂದಿನ ಸೀಟಿನ ಕೆಳಗಿನ ಅಳು

ಮಂಜುಶ್ರೀ ಬಗ್ಗಿ ಕಾರಿನ ಹಿಂದಿನ ಸೀಟಿಗೆ ಕಿವಿ ಹಚ್ಚಿದಳು.

ಊಂಂಂ...

ಬಾಯಿ ಮುಚ್ಚಿಕೊಂಡು ಯಾರೋ ಅಳುವ ಹಾಗಿತ್ತು.

"ಪಪ್ಪಾ, ಸೀಟ್ ಕೆಳಗ ಮತ್ತ ಅಳಲಕತ್ತದ."

ಅಪ್ಪ ರವಿಕಾಂತ ಕನ್ನಡಿಯಲ್ಲಿ ಅವಳನ್ನು ನೋಡಿದ. "ಹೋದ ವಾರ ಫ್ರಿಜ್ ಹಿಂದ ಯಾರೋ ನಿಂತಾರ ಅಂದಿ. ಇವತ್ತು ಇದು. ಸುಳ್ಳು ಹೇಳೂದು ಬಿಡು."

"ಸುಳ್ಳಲ್ಲ."

ನಾಸಿಕ್ ಹಿಂದೆ ಉಳಿದಿತ್ತು. ಸಂಭಾಜಿನಗರದ ಮನೆ ಇನ್ನೂ ದೂರವಿತ್ತು. ಗ್ಯಾಸ್ ತೀರುತ್ತ ಬಂದಿತ್ತು. ಯೇವಲಾದ ಬಂಕಿನಲ್ಲಿ ಸಿಎನ್‌ಜಿ ಗ್ಯಾಸ್ ತುಂಬಿಸುವ ಗಾಡಿಗಳ ಸಾಲು ರಸ್ತೆವರೆಗೂ ಬಂದಿತ್ತು. ಅಪ್ಪ ಸಾಲಿನ ಕೊನೆಗೆ ಕಾರು ನಿಲ್ಲಿಸಿದ.

ಮುಂದಿನ ಸೀಟಿನಲ್ಲಿದ್ದ ಅಜ್ಜಿ ಕಸ್ತೂರಿಬಾಯಿಗೆ ಕಿವಿ ಮಂದ. ಆದರೂ ಹುಡುಗಿಯ ಮುಖ ನೋಡಿ ಅವಳಿಗೆ ಎಲ್ಲ ತಿಳಿಯಿತು. ಸೆರಗಿನ ಗಂಟು ಬಿಚ್ಚಿ ವಿಭೂತಿ ತೆಗೆದಳು. ಹಿಂದಕ್ಕೆ ಬಗ್ಗಿ, ಸೀಟಿನ ಮೇಲೆ ಮೂರು ಬೆರಳಿನಿಂದ ಗೆರೆ ಎಳೆದಳು.

"ಸೆಕೆಂಡ್ ಹ್ಯಾಂಡ್ ಗಾಡಿ ಬ್ಯಾಡ ಅಂದಿದ್ದೆ. ಇದರಾಗ ಯಾರು ಕೂತಿದ್ರೋ, ಏನೋ."

"ಅವ್ವಾ, ನೀನೂ ಶುರು ಮಾಡಬ್ಯಾಡವ್ವ," ಅಂದ ಅಪ್ಪ.

ಸಾಲು ಸರಿಯಲಿಲ್ಲ. ಅಪ್ಪ ಬೇಸತ್ತು, ಗ್ಯಾಸ್‌ನಿಂದ ಪೆಟ್ರೋಲಿಗೆ ಬದಲಿಸುವ ಸ್ಟೀರಿಂಗ್ ಪಕ್ಕದ ಸ್ವಿಚ್ ಒತ್ತಿದ. "ನಡೀರಿ, ಪೆಟ್ರೋಲ್ ಮ್ಯಾಲ ಹೋಗೋಣ."

ಪೆಟ್ರೋಲ್ ಮುಳ್ಳು ಕೆಂಪು ಗೆರೆಯ ಮೇಲೆ ಮಲಗಿತ್ತು. ಅದು ಯಾವಾಗಲೂ ಅಲ್ಲೇ. ಗ್ಯಾಸ್ ಗಾಡಿಗೆ ಪೆಟ್ರೋಲ್ ಬರೀ ಸ್ಟಾರ್ಟ್ ಮಾಡೂದಕ್ಕ ಅನ್ನುತ್ತಿದ್ದ ಅಪ್ಪ.

ಊರು ದಾಟಿದ ಮೇಲೆ ಅಳು ಏರಿತು. ತೆಳುವಾಯಿತು, ಚೂಪಾಯಿತು. ಈಗ ಅಪ್ಪನಿಗೂ ಕೇಳಿಸಿತು. ಅವನು ಕನ್ನಡಿ ನೋಡಿದ.

ಆಮೇಲೆ ಅಳು ಥಟ್ಟನೆ ನಿಂತಿತು. ಕಾರೂ ಎರಡು ಸಲ ಜಗ್ಗಿ ರಸ್ತೆ ಬದಿಗೆ ಉರುಳಿ ನಿಂತಿತು.

ಎರಡೂ ಕಡೆ ಕಬ್ಬು. ಗಾಳಿಯೇ ಇರಲಿಲ್ಲ. ಆದರೂ ಒಳಗೆಲ್ಲೋ ಎಲೆ ಸರಬರ ಅನ್ನುತ್ತಿತ್ತು.

"ಸತ್ತು ಹೋತು," ಮಂಜುಶ್ರೀ ಪಿಸುಗುಟ್ಟಿದಳು.

ಅಪ್ಪ ಕೀ ತಿರುಗಿಸಿದ. ಮತ್ತೆ ತಿರುಗಿಸಿದ. ಕೊನೆಗೆ ಇಳಿದು ಹಿಂದಿನ ಬಾಗಿಲು ತೆರೆದ.

"ಎಲ್ಲಿ ಅಳತಿತ್ತು?"

ಅವಳು ವಿಭೂತಿಯ ಮೇಲೆ ಬೆರಳಿಟ್ಟಳು.

ಅಪ್ಪ ಸೀಟು ಎತ್ತಿದ. ಮಂಜುಶ್ರೀ ಕಣ್ಣು ಮುಚ್ಚಿದಳು. ತೆರೆದಾಗ ಅಲ್ಲಿ ಒಂದು ದುಂಡನೆಯ ಕರಿ ಮುಚ್ಚಳ ಕಂಡಿತು.

"ಇದರ ಕೆಳಗ ಟ್ಯಾಂಕ್. ಅದರಾಗ ಇಂಜಿನ್ನಿಗೆ ಪೆಟ್ರೋಲ್ ತಳ್ಳೂ ಫ್ಯೂಯಲ್ ಪಂಪ್," ಅಂದ ಅಪ್ಪ, ಮೆಲ್ಲಗೆ. "ಅದು ಪೆಟ್ರೋಲ್‌ನಾಗ ಮುಳುಗಿರಬೇಕು. ಅದೇ ಅದಕ್ಕ ತಂಪು. ಗ್ಯಾಸ್ ಮ್ಯಾಲ ಓಡುವಾಗೂ ಇದು ಸುಮ್ಮನ ತಿರುಗತಿತ್ತು. ಒಣಾ ತಿರುಗಿ ತಿರುಗಿ..."

ವಾಳೂಜ್ ಕಾರ್ಖಾನೆಯಲ್ಲಿ ದಿನಾ ಗಾಡಿಯ ಭಾಗ ಜೋಡಿಸುವವನು ಅವನು. ಮುಚ್ಚಳವನ್ನೇ ನೋಡುತ್ತ ನಿಂತ.

"ಎಷ್ಟು ದಿನದಿಂದ ಕೇಳಸ್ತಿತ್ತು ನಿನಗ?"

"ಗಣಪತಿ ಹಬ್ಬದಿಂದ. ನಾ ಹೇಳಿದ್ನಲ್ಲ."

"ಹೌದು. ಹೇಳಿದ್ದಿ."

ಆ ದಾರಿಯಲ್ಲಿ ಬಂದ ಹಾಲಿನವನೊಬ್ಬ ಬೈಕಿನಲ್ಲಿ ಹೋಗಿ ಕ್ಯಾನಿನಲ್ಲಿ ಪೆಟ್ರೋಲ್ ತಂದುಕೊಟ್ಟ. ಅದನ್ನು ಹಾಕಿ, ಅಪ್ಪ ಕಾರಿನ ಕೆಳಗೆ ತೂರಿ ಟ್ಯಾಂಕಿಗೆ ಮುಷ್ಟಿಯಿಂದ ಬಡಿದ. ಬಂದು ಕೀ ತಿರುಗಿಸಿದ.

ಊಂಂಂ...

ದನಿ ಈಗ ಒಡಕಾಗಿತ್ತು, ಮುದುಕರ ದನಿಯ ಹಾಗೆ.

"ಪಂಪ್ ಕೆಟ್ಟದ. ನಾಳೆ ಹೊಸಾದು ಹಾಕಸ್ತೀನಿ. ಮನೀ ಮುಟ್ಟೋತನಕ ಹಿಂಗೇ ಅಳತದ." ಅಪ್ಪ ಜೇಬಿನಿಂದ ಇಯರ್‌ಫೋನ್ ತೆಗೆದು ಹಿಂದಕ್ಕೆ ಚಾಚಿದ. "ತಗೋ. ಹಾಡು ಹಚ್ಚಿಕೋ. ಕೇಳಸೂದಿಲ್ಲ."

ಮಂಜುಶ್ರೀ ಸೀಟಿನ ಮೇಲೆ ಅಂಗೈ ಇಟ್ಟಳು. ಕೆಳಗೆ ಅದು ಸಣ್ಣಗೆ ನಡುಗುತ್ತಿತ್ತು.

"ಬ್ಯಾಡ," ಅಂದಳು.