ಎಲ್ಬೆರಾ ಪೇಟೆಯ ಗಾಜಿನ ಗಿರಾಕಿಗಳು

ಬಹಳ ಹಿಂದೆ, ಹಕ್ಕಿಗಳು ಮನುಷ್ಯರ ಜೊತೆ ಬೇಸರವಿಲ್ಲದೆ ಮಾತಾಡುತ್ತಿದ್ದ ಕಾಲದಲ್ಲಿ, ತಾಳೆಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಸಾಕವ್ವ ಎಂಬ ಸೊಪ್ಪು ಮಾರುವ ಹೆಂಗಸು ಇದ್ದಳು. ಅವಳಿಗೆ ಒಬ್ಬನೇ ತಮ್ಮ, ಚೆಲುವಯ್ಯ. ಅಪ್ಪ ಅಮ್ಮ ತೀರಿಹೋದ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ದೊಡ್ಡವನಾದ ಮೇಲೆ ಚೆಲುವಯ್ಯ ಅರಮನೆಗೆ ಸಾಮಾನು ತರುವ ಕೆಲಸಕ್ಕೆ ಸೇರಿದ.

ರಾಜಕುಮಾರಿಯ ಮದುವೆ ಗೊತ್ತಾಯಿತು. ಏಳು ಕಡಲಿನಾಚೆ ಎಲ್ಬೆರಾ ಎಂಬ ಪಟ್ಟಣವಿದೆ, ತಿನ್ನುವ ತಿಂಡಿಯಿಂದ ಹಿಡಿದು ಕೊಡುವ ಉಡುಗೊರೆಯವರೆಗೆ ಅಲ್ಲಿ ಸಿಗದ ವಸ್ತುವಿಲ್ಲ ಎಂದು ಯಾರೋ ರಾಜನ ಕಿವಿಯಲ್ಲಿ ಊದಿದರು. ರಾಜ ಚೆಲುವಯ್ಯನನ್ನು ಕಳಿಸಿದ. ಅವನು ಹಿಂದಿರುಗಲಿಲ್ಲ. ಇನ್ನೊಬ್ಬನನ್ನು ಕಳಿಸಿದ. ಅವನೂ ಬರಲಿಲ್ಲ. ಮೂರನೆಯವನನ್ನು ಕಳಿಸಿದ. ಹೋದವರು ಏನಾದರು ಎಂದು ಕೇಳಬೇಕೆಂದು ಆ ಮಹಾಸ್ವಾಮಿಗೆ ಹೊಳೆಯಲೇ ಇಲ್ಲ. ಉಡುಗೊರೆ ಯಾಕೆ ಇನ್ನೂ ಬಂದಿಲ್ಲ ಎಂಬುದಷ್ಟೇ ಅವನ ಚಿಂತೆ. ಇದನ್ನು ಹೇಳುವಾಗ ನನಗೇ ಮೈ ಉರಿಯುತ್ತದೆ, ಇನ್ನು ಹೆತ್ತಮ್ಮನಂತೆ ಸಾಕಿದ ಸಾಕವ್ವನಿಗೆ ಹೇಗಾಗಿರಬೇಡ.

ಒಂದು ವರ್ಷ ಕಳೆಯಿತು. ಚಳಿಗಾಲಕ್ಕೆ ಉತ್ತರದ ಬಿಳಿ ಕೊಕ್ಕರೆಗಳು ತಾಳೆಗಿರಿಯ ಕೆರೆಗೆ ಬಂದಿಳಿದವು. ಸಾಕವ್ವ ದಂಡೆಯಲ್ಲಿ ಸೊಪ್ಪು ತೊಳೆಯುತ್ತಿದ್ದಾಗ ಎಲ್ಲಕ್ಕಿಂತ ದೊಡ್ಡ ಕೊಕ್ಕರೆ ಹತ್ತಿರ ಬಂದು ನಿಂತಿತು.

"ನಿನ್ನ ತಮ್ಮ ಸತ್ತಿಲ್ಲ," ಎಂದಿತು. "ಎಲ್ಬೆರಾದಲ್ಲಿ ಗಾಜಿನ ಬೊಂಬೆಯಾಗಿದ್ದಾನೆ. ಆ ಊರಿನ ಅಂಗಡಿಗಳೆಲ್ಲ ಈಗ ವಿರ್ಗೋಲ್ ಎಂಬ ಮಾಂತ್ರಿಕನ ಕೈಯಲ್ಲಿವೆ. ಅಲ್ಲಿ ಕೆಟ್ಟ ಸಾಮಾನನ್ನು ಚೆನ್ನಾಗಿದೆ ಎಂದು ಹೊಗಳಿದವರು ಗಾಜಾಗುತ್ತಾರೆ. ಬ್ರೆಡ್ಡಿನ ಅಂಗಡಿಯಲ್ಲಿ ಹೊಗಳಿದರೆ ಕಾಲ್ಬೆರಳು, ಚೀಸಿನ ಅಂಗಡಿಯಲ್ಲಿ ಹೊಗಳಿದರೆ ಕೈಬೆರಳು, ಉಡುಗೊರೆಯ ಮನೆಯಲ್ಲಿ ಹೊಗಳಿದರೆ ಇಡೀ ದೇಹ."

"ಕೆಟ್ಟದ್ದನ್ನ ಯಾರಾದ್ರೂ ಯಾಕೆ ಹೊಗಳ್ತಾರೆ?" ಎಂದಳು ಸಾಕವ್ವ. "ನನ್ನ ಗಿರಾಕಿಗಳು ಒಂದು ಕಂತೆ ದಂಟಿನ ಸೊಪ್ಪನ್ನ ಹತ್ತು ಸಲ ತಿರುಗಿಸಿ ನೋಡ್ತಾರೆ."

"ಬಂದು ನೋಡು, ಗೊತ್ತಾಗುತ್ತದೆ," ಎಂದು ಕೊಕ್ಕರೆ ಬೆನ್ನು ಬಾಗಿಸಿತು. ಸಾಕವ್ವ ಸೆರಗು ಬಿಗಿದು ಹತ್ತಿ ಕುಳಿತಳು. ಏಳು ಹಗಲಿನಲ್ಲಿ ಏಳು ಕಡಲು ದಾಟಿದರು.

ಎಲ್ಬೆರಾ ನೋಡಲು ಚಂದದ ಊರೇ. ಕಲ್ಲು ಹಾಸಿದ ಬೀದಿ, ಕಾಲುವೆಗಳ ಮೇಲೆ ಕಮಾನು ಸೇತುವೆ, ಕೆಂಪು ಹೆಂಚಿನ ಮೇಲೆ ಬಿಳಿ ಹಿಮ. ಬೆಳಗಿನ ಬಿಸಿಲಿಗೆ ಊರೆಲ್ಲ ಹೊಳೆಯುತ್ತಿತ್ತು. ಆದರೆ ಜನ ಮೆಲ್ಲಗೆ ಹೆಜ್ಜೆಯಿಡುತ್ತಿದ್ದರು, ಹೆಜ್ಜೆಯಿಟ್ಟಾಗ ಬೂಟಿನೊಳಗೆ ಬೆರಳುಗಳು ಕಿಣಿಕಿಣಿ ಎನ್ನುತ್ತಿದ್ದವು. ಅವರ ಮಾತು ಸಾಕವ್ವನಿಗೆ ಹೇಗೆ ತಿಳಿಯಿತು ಎಂದು ಕೇಳಬೇಡಿ. ಮಾಂತ್ರಿಕರ ಊರಿನಲ್ಲಿ ಎಲ್ಲರಿಗೂ ಎಲ್ಲರ ಮಾತೂ ತಿಳಿಯುತ್ತದೆ.

ಮೊದಲು ಅವಳು ಬ್ರೆಡ್ಡಿನ ಬೀದಿಗೆ ಹೋದಳು. ಅಲ್ಲಿನ ಅಂಗಡಿಗೆ ಗಾಜಿನ ಬಾಗಿಲು, ಒಳಗೆ ಆಳೆತ್ತರದ ಕನ್ನಡಿಗಳು, ಮೇಲೆ ನೂರು ದೀಪದ ಗೊಂಚಲು. ಕಟ್ಟೆಯ ಮೇಲೆ ಕೂತಿದ್ದ ಕಬ್ಬಿಣದ ಹುಂಜ ಕೂಗಿತು: "ಮುಟ್ಟಬೇಡ, ಕೇಳಬೇಡ, ಹೊಗಳಿ ಹೊರಡು."

ಅಂಗಡಿಯವನು ಹೊಂಬಣ್ಣದ ಬ್ರೆಡ್ಡೊಂದನ್ನು ರೇಷ್ಮೆಯ ಕಾಗದದಲ್ಲಿಟ್ಟು ಚಾಚಿದ. ಹಾಗೆ ಚಾಚುವಾಗ ಅವಳ ಬರಿಗಾಲನ್ನು ನೋಡಿ ಹುಬ್ಬೇರಿಸಿದ. ಸಾಲಿನಲ್ಲಿದ್ದವರೂ ನೋಡಿದರು. ನಾನು ಸುಳ್ಳು ಹೇಳುವುದಿಲ್ಲ, ಸಾಕವ್ವನಿಗೂ ನಾಚಿಕೆಯಾಯಿತು. ಕಿವಿ ಬಿಸಿಯಾಯಿತು. ಚೆನ್ನಾಗಿದೆ ಎಂದುಬಿಟ್ಟು ಹೊರಗೆ ಓಡಿಬಿಡೋಣ ಎನ್ನಿಸಿತು.

ಆದರೆ ಕೈ ಅಭ್ಯಾಸ ಬಿಡಲಿಲ್ಲ. ಬ್ರೆಡ್ಡನ್ನು ಒಮ್ಮೆ ಅದುಮಿದಳು. ಪುಡಪುಡನೆ ಮರದ ಪುಡಿ ಉದುರಿತು. ನಾಚಿಕೆ ಎಲ್ಲಿ ಹೋಯಿತೋ, ಪಿತ್ತ ನೆತ್ತಿಗೇರಿತು.

"ಇದು ಮರದ ಪುಡಿ," ಎಂದಳು. "ಮಕ್ಕಳು ಮರಿ ಇರೋ ಊರಲ್ಲಿ ಇದನ್ನ ಮಾರ್ತೀಯಲ್ಲ, ರಾತ್ರಿ ನಿದ್ದೆ ಹೇಗಪ್ಪಾ ಬರುತ್ತೆ ನಿಂಗೆ?"

ಹುಂಜಕ್ಕೆ ತುಕ್ಕು ಹಿಡಿಯಿತು, ಕಳಚಿ ಬಿತ್ತು. ಅಂಗಡಿಯವನು ತಲೆ ತಗ್ಗಿಸಿದ. "ಬರುವುದಿಲ್ಲ," ಎಂದ.

ಆಮೇಲೆ ಚೀಸಿನ ಪೇಟೆಗೆ ಹೋದಳು. ಅಲ್ಲಿ ಕರುವಿನಷ್ಟು ದೊಡ್ಡ ಬಿಳಿ ಬೆಕ್ಕು ತಕ್ಕಡಿಯ ಪಕ್ಕದಲ್ಲಿ ಕೂತಿತ್ತು. ಗಾಲಿಯಂತೆ ದುಂಡಗಿದ್ದ ಹಳದಿ ಚೀಸುಗಳನ್ನು ಸೂರಿನವರೆಗೆ ಪೇರಿಸಿಟ್ಟಿದ್ದರು. "ಮುಟ್ಟಬೇಡ, ಕೇಳಬೇಡ, ಹೊಗಳಿ ಹೊರಡು," ಎಂದಿತು ಬೆಕ್ಕು. ಸಾಕವ್ವ ಚೀಸನ್ನು ಉಗುರಿನಿಂದ ಕೆರೆದಳು. ಬರೀ ಮೇಣ. ಅಷ್ಟಾಗಿದ್ದರೆ ಅವಳು ಸುಮ್ಮನೆ ಬೈದು ಹೋಗುತ್ತಿದ್ದಳೋ ಏನೋ. ಆದರೆ ಅಂಗಡಿಯವನು ಆ ಮೇಣವನ್ನು ತೂಗುವಾಗ ಬೆಕ್ಕು ತಕ್ಕಡಿಯ ತಟ್ಟೆಯ ಮೇಲೆ ಮೆಲ್ಲಗೆ ಮುಂಗಾಲಿಟ್ಟಿತು.

ಇಪ್ಪತ್ತು ವರ್ಷ ತಕ್ಕಡಿ ಹಿಡಿದ ಹೆಂಗಸು ಸಾಕವ್ವ. ಅವಳ ಕಣ್ಣಿಗೆ ಮಣ್ಣೆರಚುವುದೇ?

"ಮಾಟ ಮಾಡೋರು ಮಾಡ್ಕೊಳ್ಳಿ, ಅದು ನಿಮ್ಮ ಕಸುಬು," ಎಂದಳು. "ತಕ್ಕಡಿ ಮೇಲೆ ಕಾಲಿಡೋದು ಯಾವ ಕಸುಬು? ತೆಗಿ ಕಾಲು."

ಬೆಕ್ಕು ಕಾಲು ತೆಗೆಯಿತು. ತೆಗೆದದ್ದೇ ತಡ, ಅಂಗೈಯಗಲದ ಮರಿಯಾಗಿ ಮಿಯಾಂ ಎನ್ನುತ್ತ ಮೂಲೆ ಸೇರಿತು.

ಕೊನೆಗೆ ಉಳಿದದ್ದು ಚೌಕದ ಉಡುಗೊರೆಯ ಮನೆ. ಮರುದಿನ ಹಿಮದ ಹಬ್ಬ, ಊರಿಗೆ ಊರೇ ಉಡುಗೊರೆ ಕೊಳ್ಳಲು ಸಾಲು ನಿಂತಿತ್ತು. ಸಾಲು ಅಂಗಡಿಯೊಳಗಿಂದ ಹೊರಟು ಚೌಕ ದಾಟಿ ಸೇತುವೆಯ ಆಚೆಗೂ ಹೋಗಿತ್ತು. ಒಬ್ಬರೂ ಮಾತಾಡುತ್ತಿರಲಿಲ್ಲ. ಸಾಕವ್ವ ನೇರವಾಗಿ ಒಳಗೆ ನುಗ್ಗಿದಳು.

ಒಳಗೆ ಕಡ್ಡಿಯಷ್ಟು ತೆಳುವಾದ ಹಲಗೆಗಳ ಮೇಲೆ ಸಾವಿರಾರು ಗಾಜಿನ ಬೊಂಬೆಗಳು. ಎಲ್ಲವೂ ಗೇಣುದ್ದ, ಎಲ್ಲಕ್ಕೂ ಒಂದೇ ಮುಖ, ಒಂದೇ ನಗು. ಅವುಗಳಲ್ಲಿ ದೂರದೇಶದವರಿದ್ದರು, ಆ ಊರಿನವರೇ ನೂರಾರು ಮಂದಿ ಇದ್ದರು. ಹೋದ ವರ್ಷದ ಹಬ್ಬದಲ್ಲಿ ಕಾಣೆಯಾದ ಅಣ್ಣನನ್ನು ಈ ವರ್ಷ ತಂಗಿ ತುಟಿ ಬಿಚ್ಚದೆ ಕಾಗದದಲ್ಲಿ ಸುತ್ತಿಸಿಕೊಂಡು ಯಾರಿಗೋ ಉಡುಗೊರೆ ಕೊಡುತ್ತಿದ್ದಳು. ಅವಳಿಗೆ ಅದು ಗೊತ್ತೂ ಇರಲಿಲ್ಲ. ಇದನ್ನೆಲ್ಲ ಮಾಡಿದ ಆ ಪಾಪಿ ಮಾಂತ್ರಿಕನಿಗೆ ಏನು ಶಿಕ್ಷೆ ಕೊಟ್ಟರೆ ಸಾಕು, ಹೇಳಿ.

ಮಖಮಲ್ಲಿನ ನಿಲುವಂಗಿ ತೊಟ್ಟ ವಿರ್ಗೋಲ್ ಹಲ್ಲು ಕಿರಿಯುತ್ತ ಬಂದ. ಅವನು ಬಾಗಿಲಿನಷ್ಟು ಎತ್ತರವಿದ್ದ.

"ತಾವು ಬಂದ ಸುದ್ದಿ ತಿಳಿಯಿತು, ಅಮ್ಮಾ," ಎಂದ ಮೃದುವಾಗಿ. "ತಮ್ಮನನ್ನು ಈಗಲೇ ಸುತ್ತಿ ಕೊಡುತ್ತೇನೆ. ಉಡುಗೊರೆ ಬಹಳ ಚೆನ್ನಾಗಿದೆ ಎಂದು ಒಂದು ಮಾತು ಹೇಳಿ, ಸಾಕು. ಕೂಗಾಡುವುದು ಮಾತ್ರ ಬೇಡ. ಇಲ್ಲಿ ಯಾರಾದರೂ ದನಿಯೆತ್ತಿದರೆ ಈ ಹಲಗೆಗಳು ನಡುಗುತ್ತವೆ. ಬೊಂಬೆ ಒಡೆದರೆ ಮತ್ತೆ ಮನುಷ್ಯರಾಗುವುದಿಲ್ಲ."

ಸಾಕವ್ವನ ಬಾಯಿಗೆ ಬೀಗ ಬಿದ್ದಂತಾಯಿತು. ನಾಲ್ಕು ಬೀದಿಗೆ ಕೇಳುವಂತೆ ಸೊಪ್ಪು ಕೂಗಿದ ಗಂಟಲು ಅವಳದು. ಅವಳ ಹತ್ತಿರ ಇದ್ದದ್ದು ಅದೊಂದೇ ಆಯುಧ. ಹೊಗಳಿದರೆ ತಾನೂ ಬೊಂಬೆ, ಕೂಗಿದರೆ ತಮ್ಮ ಚೂರುಚೂರು. ಅವಳು ಸಾಲಿನ ಕಡೆ ತಿರುಗಿದಳು.

ಆಗ ಸಾಲಿನ ಮೊದಲಲ್ಲಿ ನಿಂತಿದ್ದ ಮುದುಕಿ ಅವಳ ಕಣ್ಣಿಗೆ ಬಿದ್ದಳು. ಬ್ರಿಗಿಟ ಅವಳ ಹೆಸರು. ಚೀಲ ಹಿಡಿದ ಅವಳ ಹತ್ತು ಬೆರಳೂ ಗಾಜಾಗಿದ್ದವು. ಸಾಕವ್ವ ಅವಳ ಕಿವಿಯ ಹತ್ತಿರ ಬಾಗಿದಳು. ಜೀವಮಾನದಲ್ಲೇ ಅಷ್ಟು ಮೆಲ್ಲಗೆ ಅವಳು ಮಾತಾಡಿರಲಿಲ್ಲ.

"ಅಮ್ಮಾ, ನಿಜ ಹೇಳಿ. ಇವತ್ತು ತಿಂದ ಬ್ರೆಡ್ಡು ಚೆನ್ನಾಗಿತ್ತಾ?"

ಮುದುಕಿ ವಿರ್ಗೋಲನನ್ನು ನೋಡಿದಳು. ತನ್ನ ಬೆರಳುಗಳನ್ನು ನೋಡಿಕೊಂಡಳು.

"ಇಲ್ಲ," ಎಂದಳು.

ಅಷ್ಟೇ. ವಿರ್ಗೋಲನ ಟೋಪಿ ಜಾರಿ ಮೂಗಿನ ಮೇಲೆ ಬಂತು. ಅವನ ತಲೆ ಅಷ್ಟು ಚಿಕ್ಕದಾಗಿತ್ತು.

ಬ್ರಿಗಿಟ ಹಿಂದಿದ್ದವನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ನಿಮ್ಮದು ಚೆನ್ನಾಗಿತ್ತೇ?" "ಇಲ್ಲ," ಎಂದ ಅವನು, "ನನಗೊಬ್ಬನಿಗೇ ಹಾಗನ್ನಿಸುತ್ತಿದೆ ಅಂದುಕೊಂಡಿದ್ದೆ." ಅವನು ತನ್ನ ಹಿಂದಿನವಳನ್ನು ಕೇಳಿದ. "ಇಲ್ಲ." ಅವಳು ಮತ್ತೊಬ್ಬನನ್ನು ಕೇಳಿದಳು. "ಇಲ್ಲ." ಯಾರೂ ದನಿಯೆತ್ತಲಿಲ್ಲ, ಒಂದು ಹಲಗೆಯೂ ನಡುಗಲಿಲ್ಲ. ಇಲ್ಲ, ಇಲ್ಲ ಎಂಬ ಪಿಸುಮಾತು ಬಾಗಿಲು ದಾಟಿತು, ಚೌಕ ದಾಟಿತು, ಸೇತುವೆ ದಾಟಿತು. ಒಂದೊಂದು ಇಲ್ಲಕ್ಕೂ ವಿರ್ಗೋಲ್ ಒಂದೊಂದು ಬೆರಳಿನಷ್ಟು ಕುಗ್ಗಿದ. "ನಿಲ್ಲಿಸಿ, ಇದು ಮರ್ಯಾದಸ್ಥರ ಅಂಗಡಿ," ಎಂದು ಗೋಗರೆದ. ಸಾಲಿನ ಕೊನೆಯವನು ಇಲ್ಲ ಎಂದಾಗ ನೆಲದ ಮೇಲೆ ಬರೀ ನಿಲುವಂಗಿ ಬಿದ್ದಿತ್ತು.

ಬೊಂಬೆಗಳು ಒಂದೊಂದಾಗಿ ಹಲಗೆಯಿಂದ ಇಳಿದು ಮನುಷ್ಯರಾದವು. ಜನರ ಗಾಜಿನ ಬೆರಳುಗಳಿಗೆ ಮತ್ತೆ ಜೀವ ಬಂತು. ಮೂರನೆಯ ಹಲಗೆಯಿಂದ ಇಳಿದ ಚೆಲುವಯ್ಯ ಅಕ್ಕನ ಮುಂದೆ ತಲೆ ಬಗ್ಗಿಸಿ ನಿಂತ.

"ಅಕ್ಕ, ಮೊದಲನೇ ಅಂಗಡೀಲೇ ಗೊತ್ತಾಗಿತ್ತು," ಎಂದ. "ಬಾಯಿಗಿಟ್ಟ ಕೂಡಲೇ ಮರದ ಪುಡಿ ಅಂತ ಗೊತ್ತಾಯ್ತು."

"ಮತ್ತೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ಅಷ್ಟು ದೊಡ್ಡ ಅಂಗಡಿ. ಅವರು ನನ್ನ ಚಪ್ಪಲಿ ನೋಡಿದ್ರು. ಇವನಿಗೇನು ರುಚಿ ಗೊತ್ತು ಅಂದ್ಕೊಂಡಾರು ಅಂತ ನಾಚಿಕೆ ಆಯ್ತು."

ಸಾಕವ್ವ ಹೊಡೆಯಲು ಕೈಯೆತ್ತಿದಳು. ಎತ್ತಿದ ಕೈ ಅವನ ಕೆನ್ನೆ ಸವರಿತು, ಕಣ್ಣಲ್ಲಿ ನೀರು ಬಂತು. "ನಾಚಿಕೆ ಪಡಬೇಕಾದೋನು ಮಾರಿದೋನು ಕಣೋ, ನೀನಲ್ಲ. ನಿನ್ನ ನಾಚಿಕೆಗೆ ನಾನು ಒಂದು ವರ್ಷ ಗಂಟಲಲ್ಲಿ ಅನ್ನ ಇಳೀದೆ ಕೂತಿದ್ದೆನಲ್ಲೋ."

ಆಮೇಲೆ ಎಲ್ಬೆರಾದ ಅಂಗಡಿಗಳು ಆ ಊರಿನವರ ಕೈಗೇ ಬಂದವು. ನೀವು ಯಾವತ್ತಾದರೂ ಆ ಕಡೆ ಹೋದರೆ ಬ್ರೆಡ್ಡನ್ನು ಸೇತುವೆಯ ಕೆಳಗಿನ ಬ್ರಿಗಿಟಳ ಹತ್ತಿರ ಕೊಳ್ಳಿ, ಬಿಸಿಯಾಗಿರುತ್ತದೆ. ಚೀಸನ್ನು ಹಳೆಯ ಪೇಟೆಯ ಎರಡನೆಯ ಮಳಿಗೆಯಲ್ಲಿ ರುಚಿ ನೋಡಿಯೇ ತೆಗೆದುಕೊಳ್ಳಿ. ಉಡುಗೊರೆಗೆ ಚೌಕದ ಕಂಚುಗಾರರ ಸಾಲು ಒಳ್ಳೆಯದು.

ರಾಜಕುಮಾರಿಯ ಉಡುಗೊರೆಗೆಂದು ಆ ಸಾಲಿಗೇ ಚೆಲುವಯ್ಯ ಹೋದ. ಸಾಕವ್ವ ಬೇಕೆಂದೇ ಹೊರಗೆ ನಿಂತಳು. ಒಳಗೆ ಕನ್ನಡಿಯಂತೆ ಹೊಳೆಯುವ ಕಂಚಿನ ಬಿಂದಿಗೆ ಇತ್ತು. ಅಂಗಡಿಯ ಯಜಮಾನ ಚೆಲುವಯ್ಯನ ಚಪ್ಪಲಿಯನ್ನು ನೋಡಿದ. ಚೆಲುವಯ್ಯನ ಕಿವಿ ಕೆಂಪಾಯಿತು.

"ಸ್ವಲ್ಪ ತಿರುಗಿಸಿ," ಎಂದ. "ತಳ ನೋಡಬೇಕು."

ತಳ ಗಟ್ಟಿಯಾಗಿತ್ತು. ಬಿಂದಿಗೆ ತಾಳೆಗಿರಿಗೆ ಬಂತು, ಹೋಗಿದ್ದ ಮೂವರೂ ಬಂದರು, ಉಡುಗೊರೆಗಾಗಿ ನಿಂತಿದ್ದ ರಾಜಕುಮಾರಿಯ ಮದುವೆ ಸಾಂಗವಾಗಿ ನಡೆಯಿತು. ಅಕ್ಕ ತಮ್ಮ ಒಂದೇ ತಟ್ಟೆಯಲ್ಲಿ ಉಂಡರು. ಕಡಲಿನಾಚೆ ಎಲ್ಬೆರಾದ ಜನ ಚೆನ್ನಾಗಿದ್ದರೆ ಹೊಗಳುತ್ತ, ಕೆಟ್ಟಿದ್ದರೆ ಮುಖಕ್ಕೇ ಹೇಳುತ್ತ, ತಲೆಮಾರುಗಳ ಕಾಲ ಸುಖವಾಗಿ ಬಾಳಿದರು.