ಮೂರನೇ ಅಧ್ಯಾಯದ ವಾಚ್‌ಮನ್

ಬ್ಲೇಡ್ ನನ್ನ ಬೆರಳುಗಳ ಮೇಲೆ ಬಂದು ನಿಂತಿತ್ತು...

ಬೈಂಡಿಂಗ್ ಅಂಗಡಿಯ ಕಟಿಂಗ್ ಮೆಷಿನ್ ಅದು. ದಪ್ಪ ಥೀಸಿಸ್‌ಗಳ ಅಂಚನ್ನು ಒಂದೇ ಏಟಿಗೆ ಕತ್ತರಿಸುತ್ತದೆ. ನನ್ನ ಎಡಗೈ ಅದರ ಬಾಯಲ್ಲಿ, ಹಿಡಿಕೆ ಒಬ್ಬ ಬೋಳನ ಕೈಯಲ್ಲಿ. ಇನ್ನೊಬ್ಬ ಮೀಸೆಯವನು ಹಿಂದಿನಿಂದ ನನ್ನ ಕತ್ತು ಅಮುಕಿದ್ದ. ಅಂಗಡಿ ಮಾಲೀಕ ಹಣೆ ಒಡೆದುಕೊಂಡು ರದ್ದಿಕಾಗದದ ಮೇಲೆ ಬಿದ್ದಿದ್ದ.

"ವಾಚ್‌ಮನ್ ಎಲ್ಲಿ?" ಎಂದ ಬೋಳ.

"ಯಾವ ವಾಚ್‌ಮನ್?"

"ಐಸ್ ಫ್ಯಾಕ್ಟರಿಯವ್ನು! ಕೊಲೆ ನೋಡಿದ್ನಲ್ಲ, ಅವ್ನು! ನಿನ್ನೆ ಫ್ಯಾಕ್ಟರಿಗೇ ಹೋಗಿದ್ವಿ. ಅಲ್ಲಿದ್ದ ಮುದುಕನ ಎರಡೂ ಕಾಲು ಮುರಿದ್ವಿ. ನಾನೇನೂ ನೋಡಿಲ್ಲ ಅಂತ್ಲೇ ಇದ್ದ!"

ಬೆರಳಿನ ಭಯ ಮರೆತೇ ಹೋಯಿತು.

ಯಾಕೆ ಗೊತ್ತೇ? ಕೊಲೆ ನೋಡಿದ ಆ ವಾಚ್‌ಮನ್ ಹುಟ್ಟಿದ್ದೇ ನನ್ನ ತಲೆಯಲ್ಲಿ!

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಬ್ಲೇಡ್ ಅಲ್ಲೇ ಇರಲಿ.

ನಾನು ಪ್ರೈವೇಟ್ ಡಿಟೆಕ್ಟಿವ್. ಈ ವಯಸ್ಸಿನಲ್ಲಿ ಎಲ್‌ಎಲ್‌ಎಂ ಸೇರಿದೆ... ನಗಬೇಡಿ! ನನ್ನ ಹೆಂಡತಿ ಆಗಲೇ ಸಾಕಷ್ಟು ನಕ್ಕಿದ್ದಾಳೆ. ಕೊನೆಯ ವರ್ಷ ಕ್ಲಾಸಿಲ್ಲ, ಪರೀಕ್ಷೆಯಿಲ್ಲ. ಒಬ್ಬ ಗೈಡ್, ಒಂದು ಪ್ರಬಂಧ. ಬರೆಯುವವನು ನಾನು, ಓದುವವರು ಅವರೊಬ್ಬರೇ. ಸಾಕ್ಷಿಗಳು ಕೋರ್ಟಿನಲ್ಲಿ ಯಾಕೆ ಉಲ್ಟಾ ಹೊಡೆಯುತ್ತಾರೆ ಅನ್ನುವುದು ನನ್ನ ವಿಷಯ.

ಉದಾಹರಣೆಗೆಂದು, ಒಬ್ಬ ಬಿಲ್ಡರ್ ತನ್ನ ಪಾರ್ಟ್‌ನರ್‌ನನ್ನು ಕೊಂದ ಕೇಸು ಹಿಡಿದೆ. ಸಾಕ್ಷಿಗಳು ಒಬ್ಬೊಬ್ಬರಾಗಿ ಹೆದರಿ ಜಾರಿಕೊಂಡಿದ್ದರು. ಉಳಿದವಳು ಬಟ್ಟೆ ಹೊಲಿಯುವ ಒಬ್ಬ ಹೆಂಗಸು. ಅವಳ ಹೆಸರನ್ನು ಕೋರ್ಟೇ ಗುಟ್ಟಾಗಿಟ್ಟಿತ್ತು. ಸರ್ಕಾರಿ ವಕೀಲರು ಕೇಳಿಕೊಂಡರೆಂದು ನನ್ನ ಅಕ್ಕನ ಮನೆಯಲ್ಲಿ ಅವಳನ್ನು ಅಡಗಿಸಿಟ್ಟಿದ್ದೆ.

ಗೈಡ್ ಮೊದಲ ದಿನವೇ ಪಾಠ ಹೇಳಿದ್ದರು. "ಮಾಹಿತಿ ಕೊಟ್ಟವರ ಗುರುತು ಸಿಗಬಾರದು ಕಣ್ರೀ. ಹೆಸರು, ಕೆಲಸ, ಜಾಗ, ಎಲ್ಲಾ ಬದಲಾಯಿಸ್ಬೇಕು."

ಬದಲಾಯಿಸಿದೆ. ಅವಳು ಅವನಾದಳು. ಹೊಲಿಗೆ ಅಂಗಡಿ ಐಸ್ ಫ್ಯಾಕ್ಟರಿಯಾಯಿತು. ಊರಲ್ಲಿ ನಿಜಕ್ಕೂ ಒಂದು ಐಸ್ ಫ್ಯಾಕ್ಟರಿ ಇದೆ ಅನ್ನುವುದು ಆಗ ಹೊಳೆಯಲಿಲ್ಲ. ಹಾಗೆ ಬರೆದ ಮೂರನೇ ಅಧ್ಯಾಯವನ್ನು ಗೈಡ್ ಕೈಗೆ ಕೊಟ್ಟೆ. ಅವರೊಬ್ಬರ ಕೈಗೆ!

ಸುದ್ದಿ ಎಲ್ಲಿಂದ ಸೋರಿತು ಅಂತ ಈಗ ಗೊತ್ತಾಯಿತಲ್ಲ?

ಅವತ್ತೇ ಅವಳ ಸಾಕ್ಷಿ. ಅಕ್ಕ ಅವಳನ್ನು ಕೋರ್ಟಿಗೆ ಕರೆದುಕೊಂಡು ಹೊರಟಿದ್ದಳು. ನಾನು ಬಾಯಿಬಿಟ್ಟರೆ ಇಬ್ಬರನ್ನೂ ದಾರಿಯಲ್ಲೇ ಮುಗಿಸುತ್ತಾರೆ.

"ಕೊನೇ ಸಲ ಕೇಳ್ತಿದೀನಿ!" ಬೋಳ ಹಿಡಿಕೆ ಒತ್ತಿದ. ಚರ್ಮ ಸೀಳಿತು.

ಪಕ್ಕದ ಒಲೆಯ ಮೇಲೆ ಅಂಟಿನ ಪಾತ್ರೆ ಕೊತಕೊತ ಕುದಿಯುತ್ತಿತ್ತು. ಬಲಗೈಗೆ ಎಟುಕಿತು. ಎತ್ತಿ ಅವನ ಮುಖಕ್ಕೆ ಎರಚಿದೆ!

ಅಬ್ಬಾ, ಆ ಕಿರುಚಾಟ! ಬೋಳ ಹಿಡಿಕೆ ಬಿಡದೆಯೇ ಕುಸಿದ. ಬ್ಲೇಡ್ ಇಳಿಯಿತು. ಕೈ ಎಳೆದುಕೊಂಡೆ... ಕಿರುಬೆರಳಿನ ತುದಿ ಮಾತ್ರ ಅಲ್ಲೇ ಉಳಿಯಿತು.

ಮೀಸೆಯವನು ಚಾಕು ತೆಗೆದ. ನನಗೆ ಮರದ ಸುತ್ತಿಗೆ ಸಿಕ್ಕಿತ್ತು. ಮೊಣಕಾಲಿಗೊಂದು, ದವಡೆಗೊಂದು ಬಿಟ್ಟೆ. ಇನ್ನೊಂದು ಬೇಕಿರಲಿಲ್ಲ. ಆ ಮುದುಕ ನೆನಪಾಗಿ ಅದನ್ನೂ ಕೊಟ್ಟೆ.

ಮಾಲೀಕ ತಡವರಿಸಿ ಎದ್ದ. "ನಿಮ್ಮ ನಾಲ್ಕನೇ ಅಧ್ಯಾಯ, ಎರಡು ಕಾಪಿನಾ..."

"ಅದಿರ್ಲಿ ಮಹರಾಯ! ಶಟರ್ ಎಳೆದು ಪೊಲೀಸ್‌ಗೆ ಫೋನ್ ಮಾಡು!"

ಹೊರಗೆ ಅವರ ಕಾರು. ಡ್ರೈವರ್ ನನ್ನನ್ನು ಕಂಡದ್ದೇ ನುಗ್ಗಿಸಿದ. ನಾನು ಬೈಕ್ ಹತ್ತಿ ಗಲ್ಲಿಗೆ ತಿರುಗಿಸಿದೆ. ಅವನೂ ತಿರುಗಿಸಿದ. ಗಲ್ಲಿ ಕಿರಿದು, ಕಾರು ಅಗಲ. ಹಿಂದೆ ತಗಡು ನಜ್ಜುಗುಜ್ಜಾದ ಸದ್ದು, ಆಮೇಲೆ ಬರೀ ಬೈಗುಳ.

ನೇರ ಕಾಲೇಜಿಗೆ ಹೋಗಿ ಗೈಡ್ ರೂಮಿನ ಬಾಗಿಲು ಒದ್ದೆ. ಮೇಷ್ಟ್ರು ಕನ್ನಡಕ ಒರೆಸುತ್ತಾ ಕೂತಿದ್ದರು.

"ಏನ್ರೀ ಇದು, ರಕ್ತ!"

"ವಾಚ್‌ಮನ್ ಸಿಗ್ಲಿಲ್ವಂತೆ ಸರ್."

ಕನ್ನಡಕ ಕೆಳಗೆ ಬಿತ್ತು. ಕಾಲರ್ ಹಿಡಿದು ಬೀರುವಿಗೆ ಅಪ್ಪಳಿಸಿದೆ.

"ಬರೀ ಮಾತಾಡಿಸ್ತೀವಿ ಅಂದ್ರು!" ಗಳಗಳ ಅತ್ತರು. "ಬಿಲ್ಡರ್ ನನ್ನ ತಂಗಿ ಗಂಡ ಕಣ್ರೀ. ಅವಳು ಬಂದು ಕಾಲಿಗೆ ಬಿದ್ಲು... ಏನ್ ಮಾಡ್ಲಿ?"

"ಏನೂ ಅರಿಯದ ಮುದುಕನ ಕಾಲು ಮುರಿದಿದಾರೆ. ವಾಚ್‌ಮನ್ ಅನ್ನೋನೇ ಇಲ್ಲ ಸರ್!"

"ಮತ್ತೆ ಡ್ರಾಫ್ಟಲ್ಲಿ..."

"ನೀವೇ ಹೇಳಿದ್ರಲ್ಲ, ಎಲ್ಲಾ ಬದಲಾಯಿಸಿ ಅಂತ!"

ಅವರು ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದರು. "ಎಲ್ರಿಗೂ ಹೇಳ್ತೀನಿ... ಇದುವರೆಗೆ ಯಾವ ಸ್ಟೂಡೆಂಟೂ ಹೆಸರು ಬಿಟ್ಟು ಏನೂ ಬದಲಾಯಿಸಿರ್ಲಿಲ್ಲ!"

ಮುಷ್ಟಿ ಎತ್ತಿದೆ. ಅಷ್ಟರಲ್ಲಿ ಫೋನು. ಕೋರ್ಟಿನ ಮೆಟ್ಟಿಲಿಂದ ಅಕ್ಕ.

"ಹೇಳ್ಬಿಟ್ಲು ಕಣೋ! ಇವ್ನೇ ಕೊಂದಿದ್ದು ಅಂತ ಅವನ ಎದುರಿಗೇ ಹೇಳಿದ್ಲು! ನಾವು ಚೆನ್ನಾಗಿದೀವಿ. ನೀನು?"

"ಚೆನ್ನಾಗಿದೀನಿ ಅಕ್ಕ," ಅಂದೆ. ಕುರ್ಚಿಯಲ್ಲಿ ಕುಸಿದು ಕೂತು ಅತ್ತೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಮೇಷ್ಟ್ರ ಫೋನೂ ಬಡಿದುಕೊಂಡಿತು. ಬಿಲ್ಡರ್‌ನ ತಮ್ಮ. ಅವನ ಕೂಗು ನನಗೂ ಕೇಳಿಸಿತು.

"ಸುಳ್ಳು ಸುದ್ದಿ ಕೊಟ್ಟು ಅಣ್ಣನ್ನ ಮುಳುಗಿಸಿದ್ರಾ ಮೇಷ್ಟ್ರೇ? ಅಲ್ಲೇ ಇರಿ. ಬರ್ತಾ ಇದೀವಿ!"

ಮೇಷ್ಟ್ರು ನನ್ನ ಕಾಲು ಹಿಡಿದರು. "ಕಾಪಾಡ್ರೀ!"

"ಈ ವಿಷಯ ಎಲ್ಲಾ ಕೋರ್ಟಲ್ಲಿ ಹೇಳ್ತೀರಾ?"

"ಹೇಳ್ತೀನಿ! ನಿಮ್ಮಾಣೆಗೂ ಹೇಳ್ತೀನಿ!"

ಹಿಂಬಾಗಿಲಿಂದ ಎಳೆದುಕೊಂಡು ಬಂದೆ. ಅವರ ಕೆಲಸ ಹೋಯಿತು. ಕಾಲೇಜಿನವರು ನನಗೆ ಬೇರೆ ಗೈಡ್ ಕೊಟ್ಟರು. ಆಸ್ಪತ್ರೆಗೆ ಹೋಗಿ ಆ ಮುದುಕನಿಗೆ ಎಲ್ಲವನ್ನೂ ಹೇಳಿದೆ. ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಅದು ಇನ್ನೂ ಚುಚ್ಚುತ್ತದೆ.

ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಈಗ ಮೇಷ್ಟ್ರು. ಕೇಸು ಮುಗಿಯುವವರೆಗೆ ಕಿಟಕಿ ತೆರೆಯುವ ಹಾಗಿಲ್ಲ, ಹೊಸ್ತಿಲು ದಾಟುವ ಹಾಗಿಲ್ಲ. ಹೊತ್ತು ಹೋಗದೆ ನನ್ನ ಪ್ರಬಂಧ ಓದುತ್ತಾರೆ. ಒಂದು ಅಧ್ಯಾಯ ನೋಡಲು ತಿಂಗಳುಗಟ್ಟಲೆ ಸತಾಯಿಸುತ್ತಿದ್ದ ಮನುಷ್ಯ...

ಈಗ ಬೆಳಿಗ್ಗೆ ಕೊಟ್ಟರೆ ಮಧ್ಯಾಹ್ನಕ್ಕೆ ತಿದ್ದಿ ಮುಗಿಸಿ, ಮುಂದಿನದು ಎಲ್ಲಿ ಅಂತ ನನ್ನ ಪ್ರಾಣ ತಿನ್ನುತ್ತಾರೆ!